ಪೊಟ್ಟಣದ ಮಾತು, ಕರಪತ್ರದ ಮಾತು

ಎಪ್ಪತ್ತರ ದಶಕದ ನಡುವೆ ನಾನು ಹೊಸದುರ್ಗದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಅತ್ತೆ ಬೇವಿನ ಚಕ್ಕೆ, ಲವಂಗ, ಉಪ್ಪು ಕುಟ್ಟಿ ಹಲ್ಲುಪುಡಿ ಮಾಡಿ ಮಾರುತ್ತಿದ್ದರು. ಅವರಿಗೆ ಓದು ಬರದು. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನಾನೇ ಅವರು ಹೇಳಿದ್ದನ್ನು ಬರೆದು ಪ್ರೆಸ್ಸಿಗೆ ಕೊಡುತ್ತಿದ್ದೆ. ಪೊಟ್ಟಣದ ಮೇಲೆ ಇದ್ದದ್ದು ಇಷ್ಟು: ದಿನಕ್ಕೆರಡು ಸಲ ಹಲ್ಲು ತಿಕ್ಕಿ, ನೋವಿದ್ದರೆ ಡಾಕ್ಟರ ಹತ್ತಿರ ಹೋಗಿ. ನನಗದು ತೀರಾ ಸಪ್ಪೆ ಅನ್ನಿಸುತ್ತಿತ್ತು.

ಹಿರಿಯೂರು ಕಡೆ ಮಾಲು ಒಯ್ಯುತ್ತಿದ್ದ ಏಜೆಂಟರು ಒಂದು ಕರಪತ್ರ ಕೇಳಿದರು, ಜೋರಾಗಿರಲಿ ಎಂದರು. ಕೂತಲ್ಲೇ ಬರೆದುಕೊಟ್ಟೆ: ಹಲ್ಲುನೋವಿಗೆ ರಾಮಬಾಣ, ಮೂರೇ ದಿನದಲ್ಲಿ ನೋವು ಮಾಯ. ಅತ್ತೆಗೆ ಓದಿ ಹೇಳಲಿಲ್ಲ.

ತಿಂಗಳು ಕಳೆದಿರಬಹುದು. ಹಿರಿಯೂರು ಕಡೆಯ ಹರಿಯಬ್ಬೆಯಿಂದ ಕುರಿ ಸಾಕುವವರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆಯ ಎಡಗೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು, ಮೈ ಕೆಂಡದಂತೆ ಸುಡುತ್ತಿತ್ತು. ಆತ ಜಗಳಕ್ಕೆ ಬಂದವರಲ್ಲ. ಮಡಿಸಿಟ್ಟಿದ್ದ ಕರಪತ್ರವನ್ನು ಬಿಚ್ಚಿ ಅತ್ತೆಯ ಮುಂದೆ ಹಿಡಿದರು.

"ಪೊಟ್ಟಣದ ಮ್ಯಾಲೆ ಡಾಕ್ಟರತ್ರ ಹೋಗ್ರಿ ಅಂತೈತೆ, ಇದ್ರಾಗೆ ಮೂರು ದಿನ ಸಾಕು ಅಂತೈತೆ ಅಂದ್ರು ನಮ್ಮೂರ ಮೇಷ್ಟ್ರು. ನಾವು ಇದನ್ನೇ ನಂಬಿದ್ವಿ. ಎಂಟು ದಿನ ತಿಕ್ಕಿದ್ವಿ. ಇನ್ನೆಷ್ಟು ದಿನ ತಿಕ್ಬೇಕು ಹೇಳ್ರಮ್ಮ."

ಅತ್ತೆ ಕಾಗದವನ್ನು ನನ್ನ ಕೈಗಿತ್ತು, ಓದು ಎಂದರು. ಓದಿದೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡರು.

ದೊಡ್ಡಾಸ್ಪತ್ರೆಗೆಂದು ನಾಲ್ವರೂ ದುರ್ಗದ ಬಸ್ಸು ಹತ್ತಿದೆವು. ಆ ಹೆಂಗಸು ನನ್ನ ಹೆಗಲಿಗೇ ಒರಗಿ ನಡುಗುತ್ತಿದ್ದಳು. ಬಸ್ಸು ನಿಂತಲ್ಲೆಲ್ಲ ಇನ್ನೆಷ್ಟು ದೂರ ಎಂದು ಕಂಡಕ್ಟರನ್ನು ಕೇಳುತ್ತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಕೀವು ಗಂಟಲಿನ ಕಡೆ ಇಳಿಯುತ್ತಿದೆ, ಇಷ್ಟು ತಡ ಮಾಡಿದ್ದೇಕೆ ಎಂದು ಗದರಿದರು. ಗಂಡ ತಲೆ ತಗ್ಗಿಸಿದರು. ತಗ್ಗಿಸಬೇಕಾದವಳು ನಾನು. ಆಕೆಯನ್ನು ಒಳಗೆ ಕರೆದೊಯ್ದ ಮೇಲೆ ಜಗುಲಿಯಲ್ಲಿ ಕೂತೆವು. ಅಷ್ಟು ಹೊತ್ತೂ ಅತ್ತೆ ನನ್ನ ಮುಖ ನೋಡಲಿಲ್ಲ.

ಮಧ್ಯಾಹ್ನ ಇಳಿದ ಮೇಲೆ ನರ್ಸು ಹೊರಗೆ ಬಂದು, ಹಲ್ಲು ಕಿತ್ತಾಯಿತು, ಜೀವಕ್ಕೆ ಭಯವಿಲ್ಲ ಎಂದಳು. ಆಗ ಅತ್ತೆ ನನ್ನ ಕಡೆ ತಿರುಗಿದರು.

"ಪೊಟ್ಟಣ ಒಂದು ಮಾತು, ಕಾಗದ ಒಂದು ಮಾತು ಆಡಿದ್ರೆ, ನೋವಿರೋರು ತಮಗೆ ಬೇಕಾದ್ದನ್ನ ನಂಬ್ತಾರೆ ಕಣೆ. ಎಲ್ಲಿ ಬರೆದ್ರೂ ನಾನೇ ಎದುರಿಗೆ ಕುಂತು ಹೇಳ್ದಂಗಿರ್ಬೇಕು."

ಮರುದಿನ ಹಿರಿಯೂರಿಗೆ ಹೋಗಿ ಅಂಗಡಿ ಅಂಗಡಿ ತಿರುಗಿ ಕರಪತ್ರಗಳನ್ನು ವಾಪಸು ತೆಗೆದುಕೊಂಡೆ. ಕೆಲವರು ನಕ್ಕರು. ಏಜೆಂಟರು ನಮ್ಮ ಮಾಲನ್ನೇ ಬಿಟ್ಟರು. ಆ ಕಡೆ ವ್ಯಾಪಾರ ಬಹುಕಾಲ ಏಳಲಿಲ್ಲ. ಅಂದಿನಿಂದ ಏನೇ ಬರೆದರೂ, ಗೋಡೆ ಬರಹವಾದರೂ, ಮೊದಲು ಅತ್ತೆಗೆ ಗಟ್ಟಿಯಾಗಿ ಓದುತ್ತಿದ್ದೆ. ಅವರು ತಾವಾಡದ ಪದ ಕೇಳಿದರೆ ಕೈಯೆತ್ತಿ ನಿಲ್ಲಿಸುತ್ತಿದ್ದರು. ನಾನು ಹೊಡೆದುಹಾಕುತ್ತಿದ್ದೆ.