ಹದಿನಾಲ್ಕು ದಿನದ ಮಾತ್ರೆ

ಕತ್ತರಿಯಣ್ಣ ಬಟ್ಟೆ ಕತ್ತರಿಸುತ್ತಿದ್ದ, ತಂಗಿ ಹೊಲಿಯುತ್ತಿದ್ದಳು. ಒಂದೇ ಅಂಗಡಿ, ಎರಡು ಮಷಿನ್ನು, ನಡುವೆ ಇಸ್ತ್ರಿ ಮೇಜು. ಅಪ್ಪ ಹೊಟ್ಟೆಯ ಕ್ಯಾನ್ಸರಿನಿಂದ ನಲವತ್ತಾರಕ್ಕೇ ತೀರಿಕೊಂಡ ಮೇಲೆ ಅಮ್ಮ ಮನೆಗೆ ಬಂದದ್ದನ್ನೆಲ್ಲ ಸಮಪಾಲು ಮಾಡಿ ಇಬ್ಬರ ಕೈಗಿಡುತ್ತಿದ್ದಳು. ಸೋಪಿನ ಬಿಲ್ಲೆಯನ್ನೂ ದಾರ ಹಾಕಿ ಎರಡು ಮಾಡುತ್ತಿದ್ದಳು. ತಲೆ ನರೆತರೂ ಅಣ್ಣ-ತಂಗಿಯ ಆ ಚಾಳಿ ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು.

ಆರು ತಿಂಗಳ ಹಿಂದೆ ಅವನಿಗೆ ಹೊಟ್ಟೆಯುರಿ ಹೆಚ್ಚಾಗಿ, ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡಿದ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು.

"ಹೊಟ್ಟೇಲಿ ಒಂದು ಬ್ಯಾಕ್ಟೀರಿಯಾ ಇದೆ. ಎಷ್ಟೋ ಜನಕ್ಕೆ ಇರತ್ತೆ, ಏನೂ ಆಗಲ್ಲ. ಆದ್ರೆ ಕೆಲವು ವಂಶದವರ ಹೊಟ್ಟೆ ಅದಕ್ಕೆ ಬೇಗ ಕೆಡತ್ತೆ, ಅದು ಹುಟ್ಟಿನಿಂದ ಬಂದ ಗುಣ. ನಿಮ್ಮ ಒಳಪದರ ಆಗ್ಲೇ ಬದಲಾಗ್ತಿದೆ. ಕ್ಯಾನ್ಸರ್ ಅಲ್ಲ, ಅದರ ಹೊಸ್ತಿಲು. ಹದಿನಾಲ್ಕು ದಿನ ಒಂದೂ ತಪ್ಪಿಸದೆ ಮಾತ್ರೆ ತಗೊಳ್ಳಿ. ತಂಗೀನೂ ಕರ್ಕೊಂಡು ಬನ್ನಿ."

ತಂಗಿ ಕೇಳಿದ್ದೇ ತಡ, "ಕೊಳವೆ ನುಂಗೋದಾ? ನನ್ನ ಕೈಲಾಗಲ್ಲಪ್ಪ" ಎಂದು ಮಷಿನ್ನು ತುಳಿಯತೊಡಗಿದಳು. ಅವಳಿಗೂ ಊಟವಾದ ಮೇಲೆ ಉರಿಯಿತ್ತು. ಏಳನೆಯ ದಿನಕ್ಕೆ ಅಣ್ಣನ ಉರಿ ಮಾಯವಾಯಿತು. ಮಹಾ ಬುದ್ಧಿವಂತನ ಹಾಗೆ ಉಳಿದ ಮಾತ್ರೆಗಳನ್ನು ಇಸ್ತ್ರಿ ಮೇಜಿನಾಚೆ ತಳ್ಳಿದ. "ರಕ್ತ ಒಂದೇ, ರೋಗಾನೂ ಒಂದೇ. ತಗೋ, ಅರ್ಧ ನಿಂದು." ಅವಳ ಉರಿಯೂ ತಗ್ಗಿತು. ತಂಗಿಯನ್ನು ಕೊಳವೆಯಿಂದ ಉಳಿಸಿದೆನೆಂದು ಬೀಗಿದ, ಪಾಪ.

ಈಗ ಡಾಕ್ಟರಮ್ಮ ಹೊಸ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದರು. "ಬ್ಯಾಕ್ಟೀರಿಯಾ ಹಾಗೇ ಇದೆಯಲ್ಲ! ಹದಿನಾಲ್ಕು ದಿನಾನೂ ತಗೊಂಡ್ರಾ?"

"ಹೂಂ" ಎಂದುಬಿಟ್ಟ.

"ಹಾಗಾದ್ರೆ ಬೇರೆ ಮಾತ್ರೆ ಕೊಡ್ತೀನಿ. ತಂಗಿ ಬರ್ಲೇ ಇಲ್ವಲ್ಲ, ಹೇಗಿದ್ದಾರೆ?"

ಕತ್ತರಿಯಣ್ಣ ಲೆಕ್ಕ ಹಾಕಿದ. ತನ್ನ ಹೊಟ್ಟೆಯಲ್ಲೇ ಅದು ಸತ್ತಿಲ್ಲವೆಂದರೆ ಅವಳ ಹೊಟ್ಟೆಯಲ್ಲಿ ಏನಾಗಿರಬೇಡ? ವಾಸಿಯಾಯಿತೆಂದು ಅವಳನ್ನು ನಂಬಿಸಿದವನು ತಾನೇ. ಸುಳ್ಳನ್ನು ನುಂಗಿಕೊಂಡು ಎದ್ದು ಹೋಗಬಹುದಿತ್ತು, ಬೈಗುಳವೂ ತಪ್ಪುತ್ತಿತ್ತು. ಎದ್ದ. ಬಾಗಿಲ ತನಕ ಹೋದ. ತಿರುಗಿ ಬಂದು ಕೂತ.

"ಅರ್ಧ ಅವಳಿಗೆ ಕೊಟ್ಟೆ, ಡಾಕ್ಟರಮ್ಮ."

ಅವರು ಪೆನ್ನು ಕೆಳಗಿಟ್ಟರು. "ಅರ್ಧಂಬರ್ಧ ತಗೊಂಡ್ರೆ ಇಬ್ಬರಲ್ಲೂ ಅದು ಸಾಯಲ್ಲ, ಮುಂದೆ ಆ ಮಾತ್ರೆಗೆ ಬಗ್ಗದೇನೂ ಇರಬಹುದು. ನಾಳೇನೇ ಕರ್ಕೊಂಡು ಬನ್ನಿ."

ತಂಗಿ ದಾರಿಯುದ್ದಕ್ಕೂ ಬೈದಳು, ಆದರೂ ಬಂದಳು, ಕೊಳವೆಯನ್ನೂ ನುಂಗಿದಳು. ವಾರದ ನಂತರ ರಿಪೋರ್ಟು ಕೈಸೇರಿತು. ಅವಳ ಒಳಪದರ ಅಣ್ಣನದಕ್ಕಿಂತ ಮುಂದೆ ಹೋಗಿತ್ತು. ಕ್ಯಾನ್ಸರಿಗೆ ಒಂದೇ ಹೆಜ್ಜೆ. ಕೆಟ್ಟ ಭಾಗವನ್ನು ಕೊಳವೆಯಿಂದಲೇ ತೆಗೆಯಬಹುದು ಎಂದರು ಡಾಕ್ಟರಮ್ಮ. "ಆರು ತಿಂಗಳ ಹಿಂದೇನೇ ಬಂದಿದ್ರೆ..." ಎಂದು ಅವನ ಮುಖ ನೋಡಿ, ಚೀಟಿ ಬರೆಯತೊಡಗಿದರು.

ಕೆಟ್ಟ ಭಾಗ ತೆಗೆದದ್ದಾಯಿತು. ಇಬ್ಬರಿಗೂ ಹದಿನಾಲ್ಕು ದಿನದ ಮಾತ್ರೆಯ ಬೇರೆಬೇರೆ ಪೊಟ್ಟಣ. ಎಂಟನೆಯ ದಿನ ಬೆಳಿಗ್ಗೆ ತಂಗಿ ತನ್ನ ಮಾತ್ರೆಯನ್ನು ಅಂಗೈಯಲ್ಲಿಟ್ಟು ಮೇಜಿನಾಚೆ ಚಾಚಿದಳು.

"ಅರ್ಧ ಬೇಕಾ, ಅಣ್ಣ?"

ಅವಳು ನಗುತ್ತಿದ್ದಳು. ಅವನಿಗೆ ನಗು ಬರಲಿಲ್ಲ, ಕಣ್ಣೀರು ಬಂತು. ಅವಳ ಬೆರಳುಗಳನ್ನು ಮಾತ್ರೆಯ ಮೇಲೆ ಮಡಿಸಿ, ನೀರಿನ ಲೋಟ ಮುಂದಿಟ್ಟ. ಅವಳು ನುಂಗುವವರೆಗೂ ಕತ್ತರಿ ಮುಟ್ಟಲಿಲ್ಲ.