ಅವ್ವ ತೊಳೆದ ಕ್ಯಾಮೆರಾ

ಎಷ್ಟೋ ವರ್ಷ ರೇಷ್ಮೆ ಹುಳ ಸಾಕಿದ ಅವ್ವ, ಒಂದೇ ಒಂದು ಹುಳ ಗೂಡು ಕಟ್ಟುವುದನ್ನು ಮೊದಲಿಂದ ಕೊನೆಯವರೆಗೆ ನೋಡಿರಲಿಲ್ಲ. ಮೇವು ಬಿಟ್ಟು ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಟ್ಟ ಮೇಲೆ ಮೂರು ದಿನ ಅದರೆದುರು ಕೂರಲು ಯಾರಿಗೆ ಪುರಸೊತ್ತು? ಈಗ ಉಬ್ಬಸ ಜಾಸ್ತಿಯಾಗಿ, ಹುಳದ ಮನೆ ಬಿಡಲೇಬೇಕೆಂದು ಡಾಕ್ಟರು ಹೇಳಿದ್ದರು. ಅದೇ ಕೊನೆಯ ಬೆಳೆ. ಆ ಮೂರು ದಿನವನ್ನು ಮೂರು ನಿಮಿಷಕ್ಕಿಳಿಸಿ ಅವಳಿಗೆ ತೋರಿಸುವ ಹುಚ್ಚು ನನಗೆ ಹಿಡಿಯಿತು.

ಕ್ಯಾಮೆರಾ ಆರಿಸಲು ಮೂರು ಸಲ ರಾಮನಗರದ ಅಂಗಡಿಗೆ ಅಲೆದೆ. ನಿಮಿಷಕ್ಕೊಂದು ಚಿತ್ರ ತಾನೇ ತೆಗೆದುಕೊಳ್ಳಬೇಕು, ಮಂದ ಬೆಳಕಿನಲ್ಲೂ ನೂಲು ಕಾಣಬೇಕು. ಅಂಗಡಿಯವರು ಗಟ್ಟಿ ಡಬ್ಬಿಯಂಥದ್ದೊಂದನ್ನು ತೋರಿಸಿ, "ಇದ್ಕೆ ನೀರು ಬಿದ್ರೂ ಏನಾಗಲ್ಲ ಸಾರ್" ಎಂದರು. "ಮನೆಯೊಳಗೆ ನೀರು ಎಲ್ಲಿಂದ ಬತ್ತದೆ?" ಎಂದು ದೊಡ್ಡ ಜಾಣನಂತೆ ನಕ್ಕು, ಚಿತ್ರ ಚೆನ್ನಾಗಿ ಬರುವ ನಾಜೂಕಿನದನ್ನೇ ಕೊಂಡೆ.

ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ ಇರುತ್ತದೆ. ರೋಗ ಒಳಗೆ ಬರಬಾರದೆಂದು ಯಾರೇ ಬಂದರೂ ಕೈಕಾಲು ತೊಳೆಯಬೇಕು. ನಾನೂ ತೊಳೆದೆ. ಕ್ಯಾಮೆರಾವನ್ನು ಚಂದ್ರಿಕೆಯೆದುರು ನಿಲ್ಲಿಸಿ, "ಒಸಿನೂ ಅಲ್ಲಾಡಿಸ್ಬ್ಯಾಡ ಕಣವ್ವ" ಎಂದು ಹೇಳಿ ಕೆಲಸದ ಮೇಲೆ ಮೈಸೂರಿಗೆ ಹೊರಟೆ.

ಮೂರು ದಿನ ಕಳೆದು ಬಂದರೆ ಕ್ಯಾಮೆರಾ ಕೆಟ್ಟು ನಿಂತಿತ್ತು. ಗಾಜಿನ ತುಂಬ ಬಿಳಿ ಕಲೆ.

"ಅಲ್ಲಾಡಿಸ್ನಿಲ್ಲ ಕಣ್ಮಗಾ," ಅವ್ವ ಹೆಮ್ಮೆಯಿಂದ ಹೇಳಿದಳು. "ನೀನು ಕಾಲು ತೊಳ್ಕಂಡೆ, ಅದನ್ನ ಹಂಗೇ ತಂದ್ಬುಟ್ಟಿದ್ದೆ. ಬ್ಲೀಚಿಂಗ್ ನೀರಲ್ಲಿ ಬಟ್ಟೆ ಅದ್ದಿ, ಒಂದು ಸಂದೂ ಬುಡ್ದಂಗೆ ನಿಂತಲ್ಲೇ ಒರ್ಸಿದೆ. ನೋಡು, ಒಂದು ಹುಳಾನೂ ಕೆಡ್ನಿಲ್ಲ."

ಬೆಳೆ ಉಳಿಸಿಕೊಂಡವಳ ಮೇಲೆ ಏನೆಂದು ರೇಗಲಿ? ಬೇರೆ ಕ್ಯಾಮೆರಾ ತರಬಹುದಿತ್ತು, ಆಗಲೇ ಗೂಡು ಸೇರಿದ ಅವಳ ಹುಳಗಳನ್ನು ಎಲ್ಲಿಂದ ತರಲಿ? ಕ್ಯಾಮೆರಾದಿಂದ ಮೆಮೊರಿ ಕಾರ್ಡು ಬಿಚ್ಚಿಕೊಂಡೆ.

ಕಾರ್ಡಿನಲ್ಲಿ ಹನ್ನೊಂದೇ ಚಿತ್ರ ಉಳಿದಿದ್ದವು. ಹತ್ತರಲ್ಲಿ ಹುಳಗಳು ತಲೆಯೆತ್ತಿ ಜಾಗ ಹುಡುಕುತ್ತಿವೆ. ಒಂದೂ ನೂಲು ಬಿಟ್ಟಿಲ್ಲ. ಕೊನೆಯದರಲ್ಲಿ ಅವ್ವ, ಮೂಗಿಗೆ ಸೆರಗು ಒತ್ತಿಕೊಂಡು, ತೊಟ್ಟಿಕ್ಕುವ ಬಟ್ಟೆ ಹಿಡಿದು ತೀರ ಹತ್ತಿರ ಬಂದಿದ್ದಾಳೆ.

ಗೂಡು ಮಾರಿ ಹುಳದ ಮನೆಗೆ ಬೀಗ ಹಾಕಿದ ದಿನ, ಆ ಚಿತ್ರ ತೋರಿಸೆಂದು ಅವಳೇ ಕೇಳಿದಳು. ಮೊಬೈಲಿನಲ್ಲಿ ಹನ್ನೊಂದನ್ನೂ ಓಡಿಸಿ ತೋರಿಸಿದೆ. ಕಣ್ಣು ಕಿರಿದು ಮಾಡಿಕೊಂಡು ಮೂರು ಸಲ ನೋಡಿದಳು.

"ಚೆನ್ನಾಗೈತೆ," ಎಂದಳು. "ಮುಂದಕ್ಕೆ ಬುಡು ಮಗಾ. ಇನ್ನೂ ಗೂಡೇ ಕಟ್ಟಿಲ್ವಲ್ಲ."