ಆಲಿವ್ ಕೊಂಬೆಯಲ್ಲಿ ಉಳಿದ ಕರಡಿಗೆ

ತೀರ್ಥಮ್ಮ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕಿದವರಲ್ಲ. ಯಗಟಿಯಲ್ಲಿ ಅವರು ಲಂಗ ತೊಡುವ ಹುಡುಗಿಯಾಗಿದ್ದಾಗ ಮಠದ ಹಿರಿಯ ಸ್ವಾಮಿಗಳು ಕಟ್ಟಿದ ಲಿಂಗ ಅದು. ರಾಗಿ ಹೊಲದಲ್ಲಿ ಕಳೆ ಕೀಳುವಾಗ, ಮದುವೆಯಾಗಿ ಕಡೂರಿಗೆ ಬಂದಾಗ, ಹೆರಿಗೆಯ ಹಾಸಿಗೆಯಲ್ಲಿ, ಎಲ್ಲ ಕಡೆಯೂ ಬೆಳ್ಳಿಯ ಕರಡಿಗೆಯೊಳಗೆ ಅವರ ಎದೆಯ ಮೇಲೇ ಇತ್ತು. ಗಂಡ ಮಲ್ಲಿಕಾರ್ಜುನಪ್ಪನವರನ್ನು ಮಣ್ಣು ಮಾಡುವಾಗ ಅವರ ಎಡ ಅಂಗೈಯಲ್ಲಿ ಅವರ ಲಿಂಗ ಇಟ್ಟು ಬೆರಳು ಮಡಿಸಿದ್ದನ್ನು ತೀರ್ಥಮ್ಮ ಹತ್ತಿರದಿಂದ ನೋಡಿದ್ದರು. ನನಗೂ ಹೀಗೇ ಆದರೆ ಸಾಕು ಎಂದು ಆವತ್ತು ಪಕ್ಕದ ಮನೆಯ ನನ್ನ ಬಳಿ ಹೇಳಿದ್ದರು. ಅದಕ್ಕಿಂತ ಹೆಚ್ಚಿನದನ್ನು ಅವರು ಬಯಸಿದ್ದು ನಾನು ಕೇಳಿಲ್ಲ.

ಮಗ ಓಂಕಾರೇಶನದು ಬಸ್ ಸ್ಟ್ಯಾಂಡಿನ ಹಿಂದೆ ಪೈಪು ಮತ್ತು ಮೋಟಾರಿನ ಅಂಗಡಿ. ಹೋದ ವರ್ಷ ಒಳ್ಳೆಯ ವ್ಯಾಪಾರವಾಯಿತೆಂದು ಪೈಪಿನ ಕಂಪನಿಯವರು ಮನೆಮಂದಿಗೆಲ್ಲ ಇಟಲಿ ಪ್ರವಾಸ ಕೊಟ್ಟರು. ಅದು ಬಸ್ಸಿನಲ್ಲಿ ಕೂತು ನೋಡುವ ಪ್ರವಾಸವಲ್ಲ. ಹಳ್ಳಿಯಿಂದ ಹಳ್ಳಿಗೆ ಗುಡ್ಡದ ದಾರಿಯಲ್ಲಿ ನಡೆಯುವುದು, ನಡುವೆ ಸೈಕಲ್ ತುಳಿಯುವುದು, ರಾತ್ರಿ ಯಾವುದಾದರೂ ತೋಟದ ಮನೆಯಲ್ಲಿ ತಂಗುವುದು. ಪೆಟ್ಟಿಗೆಗಳು ವ್ಯಾನಿನಲ್ಲಿ ಮುಂದೆ ಹೋಗುತ್ತವೆ. ತೀರ್ಥಮ್ಮನಿಗೆ ಆಗುತ್ತದೋ ಇಲ್ಲವೋ ಎಂದು ಸೊಸೆ ತನುಜಾ ಹಿಂದೆಮುಂದೆ ನೋಡಿದಳು. ಆದರೆ ಅಲ್ಲಿಗೆ ಹೋದ ಮೇಲೆ ಎಲ್ಲರಿಗಿಂತ ಮುಂದೆ ನಡೆದವರು ಅವರೇ. ಸೀರೆಯ ಕೆಳಗೆ ಬಿಳಿ ಬೂಟು ಹಾಕಿಕೊಂಡು ಗುಡ್ಡ ಹತ್ತುವ ಅವರ ಫೋಟೋ ನಮ್ಮ ಬೀದಿಯವರ ಫೋನಿಗೆಲ್ಲ ಬಂದಿತ್ತು.

ಮೊದಲ ಬೆಳಿಗ್ಗೆಯೇ ಒಂದು ಫಜೀತಿಯಾಗಿತ್ತು. ಕೋಣೆಯಲ್ಲಿ ಪೂಜೆಗೆ ಊದುಬತ್ತಿ ಹಚ್ಚಿದ್ದಕ್ಕೆ ಗೋಡೆಯ ಮೇಲಿನ ಹೊಗೆಯ ಗಂಟೆ ಬಡಿದುಕೊಂಡಿತು. ತೋಟದ ಮನೆಯವರೆಲ್ಲ ಓಡಿಬಂದರು. ಒಳಗೆ ಏನೂ ಹಚ್ಚಬಾರದೆಂದು ಗೈಡ್ ಬೇಡಿಕೊಂಡ. ಅಂದಿನಿಂದ ತೀರ್ಥಮ್ಮ ಪೂಜೆಯನ್ನು ಬಯಲಿನಲ್ಲಿ ಮಾಡತೊಡಗಿದರು.

ಅವರ ಗುಂಪಿನಲ್ಲಿ ಅಜ್ಜಂಪುರದ ಡೀಲರ್ ಬಸವರಾಜಪ್ಪ ಇದ್ದರು. ಅವರಿಗೆ ಇದೆಲ್ಲ ತಮಾಷೆ.

"ನನ್ ಲಿಂಗ ಮನೇಲಿ ಬೀರುವಿನೊಳಗೆ ಬೆಚ್ಚಗೈತೆ ಕಣಮ್ಮ. ಬೀಗದ ಕೈ ನಮ್ಮ ಮನೆಯವಳ ಹತ್ರ. ಕಳ್ಕೊಳೋ ಭಯವೇ ಇಲ್ಲ."

"ಬೀರುವಿಗೆ ದೀಕ್ಷೆ ಕೊಡ್ಸಿದೀಯೇನಪ್ಪ ಹಂಗಾರೆ?" ಎಂದರಂತೆ ತೀರ್ಥಮ್ಮ. ಎಲ್ಲರಿಗಿಂತ ಜೋರಾಗಿ ನಕ್ಕವರು ಬಸವರಾಜಪ್ಪನೇ.

ಆಲಿವ್ ತೋಟಗಳ ನಡುವೆ ನಡೆಯಬೇಕಿದ್ದ ದಿನ ಬೇಗ ಹೊರಟರು. ದಾರಿಯಲ್ಲಿ ಹಳ್ಳವಿದೆ, ಅಲ್ಲೇ ಪೂಜೆ ಮಾಡಿಕೊಳ್ಳಿ ಎಂದಿದ್ದ ಗೈಡ್. ತೀರ್ಥಮ್ಮ ಹಳ್ಳದಲ್ಲಿ ಕೈಕಾಲು ತೊಳೆದು, ವಿಭೂತಿ ಧರಿಸಿ, ಒಂದು ಬಂಡೆಯ ಮೇಲೆ ಕೂತು ಪೂಜೆ ಮುಗಿಸಿದರು. ಮೊಮ್ಮಗಳು ಅಶ್ವಿನಿ ಪಕ್ಕದಲ್ಲಿ ಕಲ್ಲು ಆರಿಸುತ್ತಾ ಕಾದಿದ್ದಳು. ಕಂಪನಿಯವರು ಕೊಟ್ಟಿದ್ದ ಬೆನ್ನುಚೀಲಕ್ಕೆ ಎದೆಯ ಮೇಲೆ ಹಾಕುವ ಒಂದು ಪಟ್ಟಿ ಇತ್ತು. ಅದು ಪ್ರತಿದಿನ ಕರಡಿಗೆಯನ್ನು ಎದೆಗೆ ಒತ್ತಿ ನೋಯಿಸುತ್ತಿತ್ತು. ಸ್ವೆಟರು, ಚೀಲ ಎಲ್ಲ ಸರಿಯಾಗಿ ಹಾಕಿಕೊಂಡು ಆಮೇಲೆ ಕರಡಿಗೆಯನ್ನು ಮೇಲಿನಿಂದ ಧರಿಸೋಣವೆಂದು ತೀರ್ಥಮ್ಮ ಅದನ್ನು ಬಿಚ್ಚಿದರು. ನೆಲದ ಮೇಲೆ ಇಡುವಂತಿಲ್ಲ. ಕರಡಿಗೆಯ ಶಿವದಾರವನ್ನು ಪಕ್ಕದ ಆಲಿವ್ ಕೊಂಬೆಗೆ ನೇತುಹಾಕಿದರು. ಅಷ್ಟರಲ್ಲಿ ಗೈಡ್ ಕೂಗಿದ. ಓಂಕಾರೇಶ ಬಂದು ಚೀಲವನ್ನು ತಾಯಿಯ ಬೆನ್ನಿಗೇರಿಸಿ, ಪಟ್ಟಿ ಬಿಗಿದು, ಕೈ ಹಿಡಿದು ಹಳ್ಳ ದಾಟಿಸಿದ. ಎದೆಯ ಮೇಲೆ ಪಟ್ಟಿ ಒತ್ತುತ್ತಲೇ ಇತ್ತು. ಕರಡಿಗೆ ಇದೆಯೆಂದೇ ಅವರಿಗೆ ಅನ್ನಿಸಿತು.

ಮುಂದಿನ ಹಳ್ಳಿಗೆ ಬರುವಾಗ ಮಧ್ಯಾಹ್ನ ಕಳೆದಿತ್ತು. ಊಟದ ಮೇಜಿನ ಮುಂದೆ ಚೀಲ ಬಿಚ್ಚಿದಾಗ ತೀರ್ಥಮ್ಮನ ಕೈ ಎದೆಗೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಮೊದಲು ಮಾತಾಡಿದವಳು ಅಶ್ವಿನಿ.

"ಮರದಲ್ಲೈತೆ ಅಜ್ಜಿ. ನಾನು ನೋಡ್ದೆ. ನೀನು ತಗೊಂತೀಯ ಅನ್ಕೊಂಡೆ."

"ನೋಡಿದ್ ಮೇಲೆ ಎತ್ಕೊಂಡ್ ಬರ್ಬಾರ್ದೇನೇ?" ಎಂದಳು ತನುಜಾ.

"ಅಜ್ಜೀನೇ ಹೇಳಿದ್ದು, ಯಾರೂ ಮುಟ್ಬಾರ್ದು ಅಂತ."

ಅದು ನಿಜ. ಆ ಮಗು ಅಂಬೆಗಾಲಿಡುವಾಗಿನಿಂದ ಕರಡಿಗೆಗೆ ಕೈ ಚಾಚಿದಾಗಲೆಲ್ಲ ತೀರ್ಥಮ್ಮ ಬೆರಳು ಬಿಡಿಸಿ ದೂರ ಇಟ್ಟವರು. ಈಗ ಯಾರನ್ನೂ ಏನೂ ಅನ್ನುವಂತಿರಲಿಲ್ಲ. ಅವರು ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿದರು.

ಓಂಕಾರೇಶ, ಗೈಡ್, ಅವರ ಜೊತೆಗೆ ಕರೆಯದಿದ್ದರೂ ಬಸವರಾಜಪ್ಪ, ಮೂವರೂ ಹಿಂದಕ್ಕೆ ಹೋದರು. ಹಳ್ಳ ಸಿಕ್ಕಿತು, ಬಂಡೆ ಸಿಕ್ಕಿತು, ಬಂಡೆಯ ಮೇಲೆ ವಿಭೂತಿಯ ಪುಡಿಯೂ ಇತ್ತು. ಆದರೆ ಆಗ ಅಲ್ಲಿ ಕಾಯಿ ಕೀಳುವ ಕಾಲ. ಕೂಲಿಯವರು ಇವರು ಹೊರಟ ಬೆನ್ನಲ್ಲೇ ಬಂದು ಆ ಸಾಲಿನ ಮರಗಳನ್ನೆಲ್ಲ ಯಂತ್ರ ಹಿಡಿದು ಅಲುಗಿಸಿ, ಕೆಳಗೆ ಹಾಸಿದ ಬಲೆಗಳನ್ನು ಸುತ್ತಿಕೊಂಡು ಹೋಗಿಬಿಟ್ಟಿದ್ದರು. ಕಾಯಿ ಅರೆಯುವ ಮಿಲ್ಲಿಗೆ ಗೈಡ್ ಫೋನ್ ಮಾಡಿದ. ಎಲೆ, ಕಡ್ಡಿ, ಕಲ್ಲು ಎಲ್ಲವನ್ನೂ ಯಂತ್ರವೇ ಬೇರೆ ಮಾಡಿ ಆಚೆ ಎಸೆಯುತ್ತದೆ, ಹುಡುಕಿಸುತ್ತೇವೆ ಎಂದರಂತೆ. ಕತ್ತಲಾಗುವವರೆಗೂ ಬಸವರಾಜಪ್ಪ ಮಂಡಿಯೂರಿ ಹುಲ್ಲು ತಡವುತ್ತಿದ್ದರು ಎಂದು ಓಂಕಾರೇಶ ನನಗೆ ಹೇಳಿದ.

ಆ ಸಂಜೆ ತಂಗಿದ ಮನೆಯಲ್ಲಿ ಅಡುಗೆಯಾಕೆ ಒಬ್ಬ ದಪ್ಪನೆಯ ಹೆಂಗಸು. ತೀರ್ಥಮ್ಮ ಏನೂ ಮುಟ್ಟದಿರುವುದನ್ನು ಕಂಡು ರೊಟ್ಟಿ ತಂದಳು, ಬೇಳೆಯ ಸಾರು ತಂದಳು, ಕೊನೆಗೆ ತನ್ನ ಅಡುಗೆಯೇ ಸರಿಯಿಲ್ಲವೆಂದುಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು. ಓಂಕಾರೇಶ ಫೋನಿನಲ್ಲಿ ಅವರ ಭಾಷೆಗೆ ತಿರುಗಿಸಿ ವಿಷಯ ತಿಳಿಸಿದ. ಆಕೆ ಎದ್ದುಹೋಗಿ ಒಬ್ಬ ಸಂತನ ಪಟದ ಮುಂದೆ ಮೇಣದಬತ್ತಿ ಹಚ್ಚಿ ಬಂದಳು. ಕಳೆದದ್ದನ್ನು ಹುಡುಕಿಕೊಡು ಎಂದು ಅವರು ಬೇಡಿಕೊಳ್ಳುವುದು ಆ ಸಂತನನ್ನಂತೆ. ತೀರ್ಥಮ್ಮ ಆ ಪಟಕ್ಕೂ ಕೈ ಮುಗಿದರು. ಇಬ್ಬರೂ ಬೆಂಚಿನ ಮೇಲೆ ಪಕ್ಕಪಕ್ಕದಲ್ಲೇ ಕೂತಿದ್ದರು.

ಮರುದಿನ ಮಠದ ಸ್ವಾಮಿಗಳಿಗೆ ಫೋನ್ ಮಾಡಿದರು. ಅವರು ಹಿರಿಯ ಸ್ವಾಮಿಗಳ ಪೀಠಕ್ಕೆ ಬಂದವರು, ಚಿಕ್ಕ ವಯಸ್ಸಿನವರು, ಮೃದು ಮಾತಿನವರು. "ಎಡ ಅಂಗೈಯನ್ನೇ ನೋಡ್ಕೊಂಡು ಪೂಜೆ ಮಾಡ್ಕೊ ತಾಯಿ. ಹಾಲು, ಹಣ್ಣು ತಗೊ. ಊರಿಗೆ ಬಾ, ಬೇರೆ ಕಟ್ಟೋಣ," ಎಂದರು.

"ಆಗ್ಲಿ ಬುದ್ಧಿ," ಎಂದರು ತೀರ್ಥಮ್ಮ. ಬೇರೆ ಎಂಬ ಆ ಮಾತು ಅವರ ಕಿವಿಯಲ್ಲಿ ಎಷ್ಟು ದಿನ ಉಳಿಯಿತೋ, ನನಗೆ ಇದನ್ನು ಹೇಳುವಾಗಲೂ ಅಲ್ಲಿಗೆ ಬಂದು ನಿಲ್ಲಿಸಿಬಿಟ್ಟರು.

ಪ್ರವಾಸ ನಿಲ್ಲಿಸುವಂತಿರಲಿಲ್ಲ. ಗುಂಪು ನಡೆಯಿತು, ಅವರೂ ನಡೆದರು. ಪ್ರತಿದಿನವೂ ಆ ಮರ ಇನ್ನೊಂದು ಗುಡ್ಡದಷ್ಟು ಹಿಂದಕ್ಕೆ ಹೋಯಿತು. ಬೆಳಿಗ್ಗೆ ಖಾಲಿ ಅಂಗೈ ನೋಡುತ್ತಾ ಕೂತ ಅವರನ್ನು ಬೇರೆ ಪ್ರವಾಸಿಗರು ಹಸ್ತ ನೋಡಿ ಭವಿಷ್ಯ ಹೇಳುವವರೆಂದುಕೊಂಡರು, ಒಬ್ಬಾಕೆ ತನ್ನ ಕೈಯನ್ನೂ ಚಾಚಿದಳಂತೆ. ತೀರ್ಥಮ್ಮ ಆ ಕೈ ಹಿಡಿದು, ಒಳ್ಳೇದಾಗ್ಲಿ ಕಣವ್ವ ಎಂದು ಬಿಟ್ಟರು. ಮಿಲ್ಲಿನಿಂದ ಯಾವ ಫೋನೂ ಬರಲಿಲ್ಲ.

ಊರಿಗೆ ಬಂದ ಮೇಲೆ ಮಠದಲ್ಲಿ ಹೊಸ ಲಿಂಗ ಕಟ್ಟಿಸಿಕೊಂಡರು. ನಾನೂ ಜೊತೆಗೆ ಹೋಗಿದ್ದೆ. ಬರುತ್ತಾ ಆಟೋದಲ್ಲಿ ಅವರು, ಸತ್ತಾಗ ಇದನ್ನೇ ಇಡ್ತಾರೆ, ಇದಕ್ಕೆ ನನ್ನ ಪರಿಚಯವಾಗೋಕೆ ಟೈಮು ಇದೆಯೋ ಇಲ್ಲವೋ ಎಂದರು. ನಾನು ಶಿವನ ಹೆಸರು ಹೇಳಿಕೊಂಡೆ.

ಮನೆಗೆ ಬಂದು ಅವರು ಅಶ್ವಿನಿಯನ್ನು ಕರೆದರು. ಕರಡಿಗೆ ಬಿಚ್ಚಿ, ದಾರ ಸಮೇತ ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದರು.

"ಮುಟ್ಟೇ. ಎಲ್ಲಾದ್ರೂ ಮರೆತ್ರೆ ನೀನೇ ಎತ್ಕೊಂಡ್ ಬರ್ಬೇಕು ಇನ್ಮೇಲೆ."

ಹುಡುಗಿ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. ತೀರ್ಥಮ್ಮ ಇನ್ನೊಮ್ಮೆ ಕರೆದರು, ಮುದ್ದಿನಿಂದ ಕರೆದರು. ಅವಳು ತಲೆಯಾಡಿಸುತ್ತಾ ಗೋಡೆಯವರೆಗೂ ಹಿಂದೆ ಸರಿದಳು. ತೀರ್ಥಮ್ಮ ಕೈ ಚಾಚಿಕೊಂಡೇ ನಿಂತಿದ್ದರು.